ಕಲ್ಲಿನಡಿಯ ಕಪ್ಪು ಬಟ್ಟೆ

ಹಲಸೂರಿನ ಆ ಹೊಸ ಮನೆಯ ಹನ್ನೆರಡನೆಯ ಮೆಟ್ಟಿಲು ಬೆಳಿಗ್ಗೆ ಎಂಟಕ್ಕೆ ಎರಡು ತುಂಡಾಗಿ ಬಿತ್ತು. ಅದರ ಜೊತೆ ಅಡುಗೆಯ ಆಂಜನಮ್ಮನೂ ಬಿದ್ದರು. ಕಾಲು ಮುರಿಯಿತು. ಗೃಹಪ್ರವೇಶವಾಗಿ ನಾಲ್ಕೇ ದಿನ.

ನಾನು ಹೋದಾಗ ಸಬ್ ಇನ್ಸ್‌ಪೆಕ್ಟರ್ ಪ್ರತಿಭಾ ತುಂಡುಗಳ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ನಮ್ಮ ವರ್ಕ್‌ಶಾಪಿನಲ್ಲಿ ಕಲ್ಲು ಕೊಯ್ಯುವ ವಕಾರ್ ಗೋಡೆಗೆ ಒರಗಿದ್ದರು. ಪಕ್ಕದಲ್ಲಿ ಕಾನ್‌ಸ್ಟೇಬಲ್.

"ನೀವ್ಯಾರಮ್ಮ?"

"ತನ್ಮಯಿ. ಈ ಮೆಟ್ಟಿಲು ಮಾಡಿದ ತಿಪ್ಪಸಂದ್ರದ ವರ್ಕ್‌ಶಾಪಲ್ಲಿ ಲ್ಯಾಬ್ ನೋಡ್ಕೋತೀನಿ."

"ಸ್ವಲ್ಪ ಜೋರಾಗಿ ಹೇಳ್ರೀ. ಇದೇನು, ಎರಡೇ ಬೆರಳು ದಪ್ಪ ಇದೆ?"

ಹೇಳಿದೆ. ಕಬ್ಬಿಣ ಬೇಡ, ಸಿಮೆಂಟು ಬೇಡ. ತೆಳು ಗ್ರಾನೈಟಿನ ಅಡಿಗೆ ಕಾರ್ಬನ್ ನೂಲಿನ ಬಟ್ಟೆ ಅಂಟಿಸುತ್ತೇವೆ. ಭಾರ ತಡೆಯುವುದು ಆ ಬಟ್ಟೆ.

"ಬಟ್ಟೆ ಸರಿಯಾಗೇ ಇದೆ ಮೇಡಂ," ಅಂದರು ನಮ್ಮ ಸೂಪರ್‌ವೈಸರ್ ಶ್ರೀಹರಿ. "ಕಲ್ಲಲ್ಲೇ ಬಿಳಿ ಎಳೆ ಇತ್ತು, ನೋಡಿ. ಕಲ್ಲು ಆರಿಸಿದ್ದು ಇವ್ನೇ."

"ಆ ಎಳೆ ಗಟ್ಟಿ ಸಾರ್. ಮೂವತ್ತು ವರ್ಷದಿಂದ ಕಲ್ಲು ಕೊಯ್ತಿದ್ದೀನಿ," ಅಂದರು ವಕಾರ್.

"ಮೂವತ್ತು ವರ್ಷದ ಕೊಬ್ಬು ಮೇಡಂ ಇದು," ಅಂದರು ಶ್ರೀಹರಿ.

ಪ್ರತಿಭಾ ಎದ್ದರು. "ಬೇರೆ ಕಾರಣ ಸಿಗದಿದ್ರೆ ವಕಾರ್ ಅವರನ್ನ ಸ್ಟೇಷನ್ನಿಗೆ ಕರ್ಕೊಂಡು ಹೋಗ್ತೀನಿ."

* * *

ತುಂಡುಗಳನ್ನು ಜೋಡಿಸಿ ನೋಡಿದೆ. ಕಲ್ಲು ಬಿಳಿ ಎಳೆಯ ಗುಂಟ ಒಡೆದಿರಲಿಲ್ಲ. ಎಳೆಯನ್ನು ಅಡ್ಡಹಾಯ್ದು ಒಡೆದಿತ್ತು. ಅಂದರೆ ತಪ್ಪು ಎಳೆಯದಲ್ಲ.

ಅಂಟು ಕಲೆಸುವ ನಾಣಿಯ ಮೇಲೆ ಅನುಮಾನ ಬಂತು. ಅಳತೆ ತಪ್ಪಿದರೆ ಅಂಟು ಮೆತ್ತಗೇ ಉಳಿಯುತ್ತದೆ. ಉಗುರು ಒತ್ತಿದೆ. ಗಟ್ಟಿ.

ಉಳಿದದ್ದು ಬಟ್ಟೆ.

ಚೀಲದಿಂದ ಟೆಸ್ಟರ್ ತೆಗೆದೆ. ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ. ಕೊಯ್ದ ಅಂಚಿಗೆ ಎರಡು ಮೊನೆ ತಾಗಿಸಿದರೆ ಟೆಸ್ಟರ್ ಕುಂಯ್ ಅನ್ನುತ್ತದೆ. ಮೊದಲ ಮೆಟ್ಟಿಲು, ಕುಂಯ್. ಎರಡನೆಯದು, ಕುಂಯ್. ಹನ್ನೊಂದೂ ಹಾಗೇ. ಮುರಿದ ತುಂಡಿಗೆ ತಾಗಿಸಿದೆ.

ಸದ್ದಿಲ್ಲ.

"ಇದ್ಯಾಕೆ ಸುಮ್ನಿದೆ?" ಅಂದರು ಪ್ರತಿಭಾ.

"ಕಪ್ಪು ಬಣ್ಣ ಅಡ್ಡ ಬಂದಿದೆ ಮೇಡಂ," ಅಂದರು ಶ್ರೀಹರಿ, ನಾನು ಬಾಯಿ ತೆರೆಯುವ ಮೊದಲೇ. "ಬಣ್ಣದಲ್ಲಿ ಕರೆಂಟು ಹರಿಯಲ್ಲ."

ವಕಾರ್ ನೆಲ ನೋಡುತ್ತಿದ್ದರು. ಹೇಳದೆ ಇರಲಾಗಲಿಲ್ಲ.

"ಸಾರ್, ಯಾವ ಬಣ್ಣ? ನಾವು ಬಣ್ಣ ಬಳಿಯೋದೇ ಇಲ್ವಲ್ಲ. ಕಾರ್ಬನ್ ಹುಟ್ಟಾ ಕಪ್ಪು."

ಶ್ರೀಹರಿ ಕರವಸ್ತ್ರ ತೆಗೆದರು. ಪ್ರತಿಭಾ ಜೀಪಿನ ಕೀಲಿಯಿಂದ ತುಂಡಿನ ಅಡಿಭಾಗ ಕೆರೆದರು. ಕಪ್ಪು ಪುಡಿ ಉದುರಿತು. ಒಳಗೆ ಬಿಳಿ ನೂಲು.

"ಗಾಜಿನ ನಾರು," ಅಂದೆ. "ಭಾರ ಬಿದ್ರೆ ಇದು ಕಾರ್ಬನ್ನಿಗಿಂತ ಹೆಚ್ಚು ಹಿಗ್ಗುತ್ತೆ. ಕಲ್ಲು ಹಿಗ್ಗಲ್ಲ, ಒಡೆಯುತ್ತೆ. ಬಿಳಿ ಕಾಣಬಾರದು ಅಂತ ಬಣ್ಣ ಬಳಿದಿದ್ದಾರೆ."

"ಬಣ್ಣ ಇರೋದು ಬಳಿದವರಿಗೆ ಮಾತ್ರ ಗೊತ್ತಿರುತ್ತೆ," ಅಂದರು ಪ್ರತಿಭಾ. "ಅಲ್ವೇನ್ರೀ ಶ್ರೀಹರಿ?"

* * *

ಶ್ರೀಹರಿ ಮೊದಲ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಬಟ್ಟೆ ಹನ್ನೊಂದಕ್ಕೇ ಮುಗೀತು. ಹೊಸದು ಬರೋಕೆ ಮೂರು ವಾರ. ಮನೆಯವರು ಮುಹೂರ್ತ ಮುಂದಕ್ಕೆ ಹಾಕಲ್ಲ ಅಂದ್ರು. ಒಂದೇ ಒಂದು ಮೆಟ್ಟಿಲು ಮೇಡಂ. ಆಮೇಲೆ ಬದಲಾಯಿಸೋಣ ಅಂತಿದ್ದೆ."

"ಅಷ್ಟರಲ್ಲಿ ಆಂಜನಮ್ಮ ಹತ್ತಿದ್ರು. ಬೆಳಗಿಂದ ಬೆರಳು ಮಾತ್ರ ವಕಾರ್ ಕಡೆ ತೋರಿಸ್ತಿದ್ರಿ," ಅಂದರು ಪ್ರತಿಭಾ.

ಕಾನ್‌ಸ್ಟೇಬಲ್ ವಕಾರ್ ಪಕ್ಕದಿಂದ ಬಂದು ಶ್ರೀಹರಿ ಪಕ್ಕ ನಿಂತ.

"ವಕಾರ್ ಅವರೇ, ನೀವಿನ್ನು ಮನೆಗೆ ಹೊರಡಿ," ಅಂದರು ಪ್ರತಿಭಾ.

ವಕಾರ್ ಕದಲಲಿಲ್ಲ.

"ಆಂಜನಮ್ಮ ಯಾವ ಆಸ್ಪತ್ರೇಲಿದ್ದಾರೆ ಮೇಡಂ? ನನ್ನಿಂದಾನೇ ಬಿದ್ದಿದ್ದು ಅಂತ ಅವರಿಗೆ ಹೇಳಿಬಿಟ್ಟಿದ್ದಾರೆ. ನಾನು ಹೋಗ್ಬೇಕು."