ಕೆಂಚಪ್ಪನವರ ಎಡಗಾಲು

ಹಳೇಬೀಡಿನ ಒಂದು ಕ್ಲಿನಿಕ್ಕಿನಲ್ಲಿ ಸಕ್ಕರೆ ಕಾಯಿಲೆಯವರ ಕಾಲಿನ ಗಾಯಕ್ಕೆ ಡ್ರೆಸಿಂಗ್ ಮಾಡುವ ನರ್ಸು ನಾನು. ತೆಗೆಯಲೇಬೇಕು ಅಂದಿದ್ದ ಕಾಲುಗಳನ್ನೂ ಉಳಿಸಿದ್ದೇನೆ. ಸುಮ್ಮಸುಮ್ಮನೆ ಹೆದರುವವಳಲ್ಲ.

ಹಗರೆಯ ಕೆಂಚಪ್ಪನವರು ಹರಕೆ ಅಂತ ಮಟಮಟ ಮಧ್ಯಾಹ್ನ ಬರಿಗಾಲಲ್ಲಿ ಮಾಲೇಕಲ್ಲು ಬೆಟ್ಟ ಹತ್ತಿದ್ದರು. ಎಡ ಅಂಗಾಲು ಸುಟ್ಟು ಬೊಬ್ಬೆ ಒಡೆದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

ಸ್ಪರ್ಶ ಎಷ್ಟು ಉಳಿದಿದೆ ಅಂತ ನೋಡಲು ಅವರ ಕಣ್ಣು ಮುಚ್ಚಿಸಿ, ನೈಲಾನ್ ದಾರದ ತುದಿಯಿಂದ ಪಾದ ಮುಟ್ಟುತ್ತಾ ಹೋದೆ. ಗೊತ್ತಾದಾಗ ಹೂಂ ಅನ್ನಬೇಕು. ಒಮ್ಮೆಯೂ ಅನ್ನಲಿಲ್ಲ. ದಾರ ಇಟ್ಟು ಹತ್ತಿ ತರಲು ಎದ್ದೆ.

“ಹೂಂ,” ಅಂದರು.

ಕಾಲು ಹೋಗುತ್ತೆ ಅನ್ನೋ ಭಯಕ್ಕೆ ಸುಳ್ಳು ಹೇಳುತ್ತಿದ್ದಾರೆ ಅಂದುಕೊಂಡೆ. “ಯಜಮಾನ್ರೇ, ನಾನು ಮುಟ್ಟೇ ಇಲ್ಲ.”

“ಒತ್ತುತಾ ಇದೀಯಲ್ಲವ್ವ. ನಿನ್ ಕೈ ಯಾಕಿಷ್ಟು ತಣ್ಣಗೈತೆ?”

ಊದಿದ ಪಾದಕ್ಕೆ ಬೆರಳು ಒತ್ತಿದರೆ ಗುಳಿ ಬೀಳುತ್ತದೆ, ಆಮೇಲೆ ನಿಧಾನಕ್ಕೆ ತುಂಬಿಕೊಳ್ಳುತ್ತದೆ. ಹೆಬ್ಬೆರಳಿನ ಹಿಂದೆ ಅಂಥದ್ದೊಂದು ಗುಳಿ ಇತ್ತು. ನಾನು ನೋಡುತ್ತಿದ್ದ ಹಾಗೇ ಪಕ್ಕದಲ್ಲಿ ಇನ್ನೊಂದು ಬಿತ್ತು. ಮಗುವಿನ ಬೆರಳಷ್ಟು ಸಣ್ಣದು.

ಆದರೂ ಹತ್ತಿ ತಂದು ಕೂತು, ಡ್ರೆಸಿಂಗ್ ಮುಗಿಸಿಯೇ ಎದ್ದೆ. ಮಳೆಗಾಲ ಕಳೆಯುವಷ್ಟರಲ್ಲಿ ಗಾಯ ಪೂರ್ತಿ ಮಾಯಿತು. ಒಂದು ಬೆರಳೂ ಹೋಗಲಿಲ್ಲ.

ನಿನ್ನೆ ಮತ್ತೆ ಪರೀಕ್ಷೆ ಮಾಡಿದೆ. ನಾನು ಮುಟ್ಟಿದ ಒಂದು ಜಾಗವೂ ಅವರಿಗೆ ಗೊತ್ತಾಗಲಿಲ್ಲ. ದಾರವನ್ನು ಟ್ರೇಯಲ್ಲಿಟ್ಟೆ.

“ಹೂಂ,” ಅಂದರು.

ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಕೆಂಪಲಕ್ಷ್ಮಮ್ಮ ತಮ್ಮ ಎರಡೂ ಕಾಲನ್ನು ತಟ್ಟನೆ ಕುರ್ಚಿಯ ಮೇಲಕ್ಕೆ ಎಳೆದುಕೊಂಡರು.