ಶುಕ್ರವಾರದ ಮಾಂಸದ ತಟ್ಟೆ

ಮೇ ಆರು, ಮಂಗಳವಾರ. ಡ್ಯೂಟಿಗೆ ಹೊರಡುವ ಮುಂಚೆ ಪ್ರೊಬೇಷನರಿ ಕಾನ್‌ಸ್ಟೆಬಲ್ ನೆರಿಡಾ ಟ್ರೆಲೋರ್ ತನ್ನ ಡೈರಿಯಲ್ಲಿ ಬರೆದಳು: ‘ನಾನು ಪ್ರಾಮಾಣಿಕಳು ಅಂತ ಠಾಣೆಯಲ್ಲಿ ಎಲ್ಲರೂ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ನಾನು ಬಾಯಿ ಬಿಡುವುದಿಲ್ಲ, ಅಷ್ಟೆ. ಬಾಯಿ ಬಿಡದವಳು ಸುಳ್ಳು ಹೇಳುವುದಾದರೂ ಎಲ್ಲಿಂದ? ಇದು ಒಂದು ದಿನ ಗೊತ್ತಾಗಿಬಿಡುತ್ತದೆ.’

ಪದವಿ ಮುಗಿಸಿ, ತರಬೇತಿ ಮುಗಿಸಿ, ಗಣಿಯ ಸಣ್ಣ ಊರು ಝೀಹಾನಿನಿಂದ ರಾಜಧಾನಿ ಹೋಬಾರ್ಟಿಗೆ ಬಂದು ಅವಳಿಗೆ ಐದು ತಿಂಗಳಾಗಿತ್ತು.

9.40ಕ್ಕೆ ಬೀಗ ರಿಪೇರಿಯ ರಸೆಲ್ ಪಿಟ್ ಠಾಣೆಗೆ ಬಂದ. ಅವನ ದೂರಿನ ಸಾರಾಂಶ: ಊರ ನಡುವಿನ ಹ್ಯಾಲ್ಯರ್ಡ್ ಬಾರಿನಲ್ಲಿ ಪ್ರತಿ ಶುಕ್ರವಾರ ಸಂಜೆ ಆರಕ್ಕೆ ಮಾಂಸದ ಲಾಟರಿ ಎತ್ತುತ್ತಾರೆ. ಚೀಟಿಯ ದುಡ್ಡು ಮಕ್ಕಳ ಫುಟ್‌ಬಾಲ್ ತಂಡಕ್ಕೆ; ಗೆದ್ದವರಿಗೆ ಒಂದು ದೊಡ್ಡ ತಟ್ಟೆ ತುಂಬ ಮಾಂಸ. ಫೆಬ್ರವರಿ 21ರಿಂದ ಈಚೆಗೆ, ಗುಡ್ ಫ್ರೈಡೆ ಒಂದು ಬಿಟ್ಟು, ಹತ್ತು ಸಲ ಎತ್ತಿದ್ದಾರೆ. ಅದರಲ್ಲಿ ಏಳು ಸಲ ಗೆದ್ದವನು ಒಬ್ಬನೇ. ಹೆಸರು ಕೀತ್ ವೆನ್ನಿಂಗ್, ವಯಸ್ಸು ಎಪ್ಪತ್ತೊಂಬತ್ತು, ಬಂದರಿನಲ್ಲಿ ಸರಕು ಇಳಿಸುತ್ತಿದ್ದವನು.

ಸಾರ್ಜೆಂಟ್ ಗಾರ್ತ್ ಮಲೋನಿ ಪೆನ್ನು ಕೆಳಗಿಟ್ಟರು.

“ನೀನು ವಾರಕ್ಕೆ ಎಷ್ಟು ಚೀಟಿ ತಗೋತೀಯ ರಸೆಲ್?”

“ಹತ್ತು.”

“ಎಷ್ಟು ಸಲ ಗೆದ್ದಿದ್ದೀಯ?”

“ಎರಡು ವರ್ಷದಲ್ಲಿ ಒಂದು ಸಾಸೇಜೂ ಬಂದಿಲ್ಲ. ಅವನು ತಗೊಳ್ಳೋದು ಒಂದೇ ಒಂದು ಚೀಟಿ, ಸಾರ್ಜೆಂಟ್. ದೇವರೇ ಬಂದು ಕೂತ್ರೂ ಹಿಂಗೆ ಗೆಲ್ಲಲ್ಲ.”

ನಗುವ ವಿಷಯವೇ. ಆದರೆ ಮಕ್ಕಳ ಹೆಸರಿನಲ್ಲಿ ದುಡ್ಡು ಎತ್ತುವ ಲಾಟರಿಗೆ ಕಾನೂನಿದೆ, ದೂರುದಾರ ಸಹಿ ಹಾಕಿಯಾಗಿದೆ. ದೂರು ದಾಖಲಾಯಿತು. ಆರೋಪಿಯ ಹೆಸರು ಬರೆಯುವ ಜಾಗದಲ್ಲಿ ಕೀತ್ ವೆನ್ನಿಂಗ್ ಎಂದು ಬರೆಯಲಾಯಿತು.

ಮಲೋನಿ ತಾವೇ ಹೋಗುವಂತಿರಲಿಲ್ಲ. ಅವರು ಕಾಲಿಟ್ಟರೆ ಹ್ಯಾಲ್ಯರ್ಡಿನಲ್ಲಿ ಅರ್ಧ ಜನ ಹೆಸರು ಹಿಡಿದು ಕೂಗುತ್ತಾರೆ. ನೆರಿಡಾಳನ್ನು ಕರೆದು, ನಿನ್ನ ಗುರುತು ಅಲ್ಲಿ ಯಾರಿಗೂ ಇಲ್ಲ ತಾನೆ ಎಂದು ಕೇಳಿದರು. ಅವಳು ತಲೆಯಾಡಿಸಿದಳು. ಅಲ್ಲಿ ಎಂದೇನು, ಅವಳ ಗುರುತು ಈ ಊರಿನಲ್ಲಿ ಎಲ್ಲಿಯೂ ಯಾರಿಗೂ ಇರಲಿಲ್ಲ.

ಮೇ ಏಳು, ಬುಧವಾರ, ಬೆಳಿಗ್ಗೆ 11. ತಟ್ಟೆ ಕಳಿಸುವ ಮಾಂಸದ ಅಂಗಡಿಯವನು ಹಳೆಯ ಆರ್ಡರ್ ಚೀಟಿಗಳನ್ನು ಒಂದೊಂದಾಗಿ ತೆಗೆದು ತೋರಿಸಿದ. ಫೆಬ್ರವರಿವರೆಗೆ ಮೂಳೆ ಸಹಿತದ ದೊಡ್ಡ ಸ್ಟೇಕುಗಳು, ಕುರಿಯ ಚಾಪ್‌ಗಳು, ಇಡೀ ಕೋಳಿ. ಮಾರ್ಚಿನಿಂದ ಬರೀ ಕೈಮಾ, ಸಾಸೇಜು, ಲಿವರ್, ಮೆತ್ತಗೆ ಬೇಯುವ ತುಂಡುಗಳು. ಅದೂ ಸಣ್ಣ ಸಣ್ಣ ಪೊಟ್ಟಣ. ಒಂದು ಪೊಟ್ಟಣ ಒಬ್ಬರ ಒಂದು ಹೊತ್ತಿಗೆ ಸರಿ.

“ಯಾರು ಬದಲಾಯಿಸಿದ್ದು?”

“ಲೋರೇನ್. ಬಾರಲ್ಲಿ ಗ್ಲಾಸು ತುಂಬ್ಸೋ ಲೋರೇನ್ ಟಿಲ್ಯಾರ್ಡ್.”

“ಯಾಕೆ ಅಂತ ಕೇಳಲಿಲ್ವಾ?”

“ಕೇಳ್ದೆ. ಗೆಲ್ಲೋರ ಹಲ್ಲು ಹೆಂಗಿದೆ ಅಂತ ನಂಗೊತ್ತಿಲ್ವಾ ಅಂದ್ಲು. ತಮಾಷೆ ಅಂದ್ಕೊಂಡೆ.”

ಗೆಲ್ಲುವ ಮುಂಚೆಯೇ ಗೆಲ್ಲುವವರ ಹಲ್ಲು ಗೊತ್ತಿತ್ತು. ನೆರಿಡಾ ಅಂಗಡಿಯವನ ಮಾತನ್ನು ಹಾಗೇ ಬರೆದುಕೊಂಡು ಸಹಿ ಹಾಕಿಸಿಕೊಂಡಳು.

ಗುರುವಾರ ಮಧ್ಯಾಹ್ನ ಕೀತ್ ಇರುವ ಕಟ್ಟಡದಲ್ಲಿ ಪಕ್ಕದ ಮನೆಯ ಹೆಂಗಸನ್ನು ವಿಚಾರಿಸಿದಳು. ಜನವರಿಯಲ್ಲಿ ಕೀತನ ಹೆಂಡತಿ ಪೆಗ್ ತೀರಿಕೊಂಡಳಂತೆ. ಒಂಟಿ ಮುದುಕರಿಗೆ ಮನೆಗೇ ಊಟ ತಂದುಕೊಡುವವರು ಬಂದಿದ್ದರಂತೆ. ಹಸಿದವರಿಗೆ ಕೊಡಿ ಎಂದು ಡಬ್ಬಿಯ ಮುಚ್ಚಳವನ್ನೂ ತೆಗೆಯದೆ ವಾಪಸು ಕಳಿಸಿದನಂತೆ. ಫೆಬ್ರವರಿ ಹೊತ್ತಿಗೆ ಅವನ ಪ್ಯಾಂಟು ದಾರದಲ್ಲಿ ನಿಂತಿತ್ತು. ಮಾರ್ಚಿನಿಂದ ಅವನ ಅಡುಗೆಮನೆಯಲ್ಲಿ ಮತ್ತೆ ಈರುಳ್ಳಿ ಹುರಿಯುವ ವಾಸನೆ.

“ನೀನೇನೂ ಕೊಡೋಕೆ ಹೋಗ್ಬೇಡಮ್ಮ,” ಎಂದಳು ಆಕೆ. “ನಾನು ಒಂದು ಕಡುಬು ಕೊಟ್ಟೆ. ಒಂದು ತಿಂಗಳು ಬಾಗಿಲೇ ತೆಗೀಲಿಲ್ಲ.”

ಮೇ ಒಂಬತ್ತು, ಶುಕ್ರವಾರ, ಸಂಜೆ 5.20. ನೆರಿಡಾ ಸಾದಾ ಉಡುಪಿನಲ್ಲಿ ಹ್ಯಾಲ್ಯರ್ಡಿನ ಬಾಗಿಲು ತಳ್ಳಿದಳು. ಕಾರ್ಪೆಟ್ಟು ಚಪ್ಪಲಿಗೆ ಅಂಟುತ್ತಿತ್ತು. ಯಾರೂ ನೋಡದ ಟಿವಿಯಲ್ಲಿ ಕುದುರೆಗಳು ಓಡುತ್ತಿದ್ದವು. ರಸ್ತೆ ಕೆಲಸದವರು ಹಳದಿ ಅಂಗಿಯಲ್ಲೇ ಬಂದಿದ್ದರು. ಕೋರ್ಟಿನ ಗುಮಾಸ್ತರು, ಪಾಳಿ ಮುಗಿಸಿದ ನರ್ಸುಗಳು, ಡಾರ್ಟ್ಸ್ ಹಲಗೆಯ ಹತ್ತಿರ ರಸೆಲ್ ಪಿಟ್. ರಸೆಲ್ ಅವಳನ್ನು ಠಾಣೆಯಲ್ಲಿ ನೋಡಿದ್ದ, ಆದರೆ ಗುರುತು ಹಿಡಿಯಲಿಲ್ಲ. ಅವಳಿಗೆ ಇದು ಅಭ್ಯಾಸ.

ಲೋರೇನ್‌ಗೆ ಐವತ್ತು ದಾಟಿರಬೇಕು. ದಪ್ಪ ತೋಳು, ಕಟ್ಟಿದ ಕೂದಲು.

“ಏನು ಕೊಡ್ಲಿ ಚಿನ್ನ? ಜಾಸ್ತಿ ಯೋಚಿಸ್ಬೇಡ, ಇಲ್ಲಿರೋದು ಎರಡೇ ಥರ. ತಣ್ಣಗಿರೋದು, ಖಾಲಿಯಾಗಿರೋದು.”

ಬಿಯರಿನ ಜೊತೆ ನೆರಿಡಾ ಐದು ಚೀಟಿ ಕೊಂಡಳು. ಗುಲಾಬಿ ಬಣ್ಣದವು, ಸಿ ಮೂವತ್ತರಿಂದ ಮೂವತ್ತನಾಲ್ಕು. ಅರ್ಧ ಹರಿದು ಅವಳ ಕೈಗೆ, ಇನ್ನರ್ಧ ಡಬ್ಬಕ್ಕೆ. 5.45ಕ್ಕೆ ಕೀತ್ ವೆನ್ನಿಂಗ್ ಬಂದ, ಇಸ್ತ್ರಿ ಮಾಡಿದ ಅಂಗಿ ತೊಟ್ಟು. ಒಬ್ಬ ಗುಮಾಸ್ತ ಅವನಿಗೊಂದು ಗ್ಲಾಸು ಕೊಡಿಸಿದ. ಅದು ಅರ್ಧವಾಗುವ ಮುಂಚೆ ಕೀತ್ ತಿರುಗಿ ಅವನಿಗೊಂದು ಕೊಡಿಸಿದ. ಅಲ್ಲಿ ಯಾರೂ ಯಾರ ಹಂಗಿನಲ್ಲೂ ಕೂರುವುದಿಲ್ಲ. ಆಮೇಲೆ ಒಂದೇ ಒಂದು ನೀಲಿ ಚೀಟಿ ಕೊಂಡು, ಈ ವಾರ ರಸೆಲ್‌ಗೆ ಬರಲಿ, ಅವನ ಮುಖ ನೋಡಿದರೆ ಹಾಲು ಒಡೆಯುತ್ತದೆ ಎಂದ. ರಸೆಲ್ ಬಿಟ್ಟು ಎಲ್ಲರೂ ನಕ್ಕರು.

ಆರು ಗಂಟೆ. ಲೋರೇನ್ ಡಬ್ಬ ತಿರುಗಿಸಿ ಕೈ ಹಾಕಿದಳು. ಎಲ್ಲರೂ ತಂತಮ್ಮ ಚೀಟಿಯ ಮೇಲೆ ಬಗ್ಗಿದರು. ಮುಖಗಳನ್ನು ನೋಡಲು ಸಂಕೋಚಪಡುವ ನೆರಿಡಾ ಎಂದಿನಂತೆ ಕೈಗಳನ್ನು ನೋಡುತ್ತಿದ್ದಳು. ಲೋರೇನಳ ಬೆರಳ ಸಂದಿಯಲ್ಲಿ ಇಣುಕಿದ ಅಂಚು ಗುಲಾಬಿ.

“ನೀಲಿ,” ಎಂದಳು ಲೋರೇನ್. “ಎ. ಹದಿನೆಂಟು.”

ಕೀತ್ ಎದ್ದು ನಿಂತ. ಸಿಳ್ಳೆ, ಬೈಗುಳ, ಚಪ್ಪಾಳೆ. ಎತ್ತಿದ ಚೀಟಿ ಏಪ್ರನ್ನಿನ ಜೇಬಿಗೆ ಹೋಯಿತು. ಅದನ್ನು ತೋರಿಸು ಎಂದು ಯಾರೂ ಕೇಳಲಿಲ್ಲ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಕೇಳುವುದೆಂದರೆ ಲೋರೇನಳ ಮುಖಕ್ಕೆ ಉಗಿದಂತೆ. ಕೀತ್ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಅಳಿಯನ ಮನೆಗೆ ಹಬ್ಬದ ಉಡುಗೊರೆ ಹೊತ್ತವನಂತೆ ಬಾರಿನ ಉದ್ದಕ್ಕೂ ನಡೆದ. ಅವನ ಬೆನ್ನು ನೆಟ್ಟಗಿತ್ತು.

ಶನಿವಾರ ಅವಳು ವರದಿ ಬರೆದಳು. ಕೊಡಲಿಲ್ಲ. ಕೊಟ್ಟರೆ ಲೋರೇನ್ ಜೈಲಿನ ಮೆಟ್ಟಿಲು ಹತ್ತುತ್ತಾಳೆ, ಕೀತ್ ಮತ್ತೆ ಬಾಗಿಲು ಹಾಕಿಕೊಳ್ಳುತ್ತಾನೆ. ಕೊಡದಿದ್ದರೆ ಆರೋಪಿಯ ಜಾಗದಲ್ಲಿರುವ ಹೆಸರು ಕೀತನದೇ. ಸೋಮವಾರ ಬೆಳಿಗ್ಗೆ ಅವನ ಮನೆಗೆ ಪೊಲೀಸರು ಹೋಗುತ್ತಾರೆ. ಭಾನುವಾರ ಸಂಜೆ ನಾಲ್ಕಕ್ಕೆ ವರದಿಯನ್ನು ಮಲೋನಿಯವರ ಮೇಜಿನ ಮೇಲಿಟ್ಟು ಬಂದಳು. ಮರುದಿನ ಅವರು ಅದನ್ನು ಎರಡು ಸಲ ಓದಿ, ಇಷ್ಟು ಚೆನ್ನಾಗಿ ಬರೆಯುತ್ತೀಯ, ಬಾಯಲ್ಲಿ ಹೇಳಲು ಏನಾಗಿತ್ತು ಎಂದು ಕೇಳಿದರು.

ಮೇ ಹನ್ನೆರಡು, ಸೋಮವಾರ, ಮಧ್ಯಾಹ್ನ 3.10. ಜನ ಸೇರುವ ಮುಂಚೆ ಮುಗಿಸಬೇಕೆಂದು ಮಲೋನಿ ಆ ಹೊತ್ತನ್ನು ಆರಿಸಿದ್ದರು. ಬಾರಿನ ಅಡುಗೆಯವನು ಮತ್ತು ಒಬ್ಬ ನರ್ಸ್ ಸಾಕ್ಷಿಗೆ ನಿಂತರು. ನೆರಿಡಾ ಪಂಚನಾಮೆ ಬರೆದಳು: ತಗಡಿನ ಚೀಟಿ ಡಬ್ಬ ಒಂದು, ಗಲ್ಲಾದ ಕೆಳಗಿನ ಗಾಜಿನ ಲೋಟದಲ್ಲಿ ಎಂಟು ಅರ್ಧಚೀಟಿಗಳು, ಪ್ರತಿಯೊಂದರ ಹಿಂದೆ ತಾರೀಖು. ಎಲ್ಲಕ್ಕಿಂತ ಮೇಲಿನದು ಗುಲಾಬಿ, ಸಿ ಮೂವತ್ತೊಂದು. ಬರೆಯುವ ಕೈ ಒಂದು ಕ್ಷಣ ನಿಂತಿತು. ಮತ್ತೆ ಬರೆದಳು.

“ಇವನ್ನ ಯಾಕೆ ಇಟ್ಕೊಂಡೆ?” ಮಲೋನಿ ಕೇಳಿದರು.

“ಬೇರೆಯವರದು. ಎಸೆಯೋಕೆ ನಾನ್ಯಾರು?”

“ಕೀತ್‌ಗೆ ಗೊತ್ತಿತ್ತಾ?”

“ಇಲ್ಲ.”

“ನಿಂಗೇನು ಸಿಕ್ತು ಇದ್ರಲ್ಲಿ?”

ಲೋರೇನ್ ಕೌಂಟರ್ ಒರೆಸುತ್ತಲೇ ಹೇಳಿದಳು. ಫೆಬ್ರವರಿಯಲ್ಲಿ ಒಂದು ಸಂಜೆ ಕೀತ್ ಅಲ್ಲೇ, ಕಿಟಕಿಯ ಸ್ಟೂಲಿನ ಹತ್ತಿರ ಬಿದ್ದ. ಕುಡಿದಿರಲಿಲ್ಲ. ಅವಳೇ ಎತ್ತಿದಳು. ಇಪ್ಪತ್ತೆರಡು ವರ್ಷದಿಂದ ಈ ಬಾರಿನಲ್ಲಿ ಪೀಪಾಯಿ ಎತ್ತಿದವಳು, ತುಂಬಿದ್ದು ಯಾವುದು, ಖಾಲಿ ಯಾವುದು ಅಂತ ಕೈಗೆ ಗೊತ್ತು. ಮನುಷ್ಯ ಖಾಲಿಯಾಗಿದ್ದ. ಒಂದು ಬಟ್ಟಲು ಸೂಪು ತಂದಿಟ್ಟಳು. ಥ್ಯಾಂಕ್ಸ್ ಹೇಳಿ, ಮುಟ್ಟದೆ, ಟೋಪಿ ಹಾಕಿಕೊಂಡು ಹೋದವನು ಎರಡು ವಾರ ಈ ಕಡೆ ತಲೆ ಹಾಕಲಿಲ್ಲ.

“ಯಾರು ಕೊಟ್ರೂ ತಗೊಳ್ಳಲ್ಲ ಅವನು,” ಎಂದಳು. “ಅದೃಷ್ಟ ಆದ್ರೆ ಯಾರಿಗೂ ಕೈ ಮುಗೀಬೇಕಾಗಿಲ್ಲ, ಅಲ್ವಾ ಗಾರ್ತ್?”

ಮಲೋನಿ ಕಾನೂನಿನಂತೆ ಹೇಳಬೇಕಾದ್ದನ್ನೆಲ್ಲ ಹೇಳಿ, ಲೋರೇನ್ ಟಿಲ್ಯಾರ್ಡಳನ್ನು ಬಂಧಿಸಿದರು. ಸಮಯ 3.35. ಅವಳು ಏಪ್ರನ್ ಬಿಚ್ಚಿ ಮಡಚಿಟ್ಟಳು. ಏನಾದರೂ ಹೇಳುವುದಿದೆಯೇ ಎಂದರೆ, ಕೀತ್‌ಗೆ ಮಾತ್ರ ಹೇಳಬೇಡಿ ಎಂದಳು.

ಹೊರಗೆ ಚಳಿಗಾಳಿ ಎದ್ದಿತ್ತು. ಅದಕ್ಕೇ ಇರಬೇಕು, ಶುಕ್ರವಾರ ಬಿಟ್ಟು ಬೇರೆ ದಿನ ನಾಲ್ಕು ದಾಟಿದ ಮೇಲೆ ಬರುವ ಕೀತ್ ಅರ್ಧ ಗಂಟೆ ಮುಂಚೆಯೇ ಬಂದ.

ಬಾಗಿಲಲ್ಲಿ ನಿಂತು ಅವನು ಡಬ್ಬ ನೋಡಿದ, ಲೋಟದ ಚೀಟಿಗಳನ್ನು ನೋಡಿದ, ಮಡಚಿದ ಏಪ್ರನ್ ನೋಡಿದ. ಬಿಡಿಸಿ ಹೇಳುವ ಅಗತ್ಯ ಯಾರಿಗೂ ಬರಲಿಲ್ಲ.

“ಎಷ್ಟು ಸಲ, ಲೋರೇನ್?”

ಲೋರೇನ್ ನೆಲ ನೋಡಿದಳು.

“ಎಲ್ಲಾನಾ?”

ಮಲೋನಿ ಕಿಟಕಿಯ ಕಡೆ ತಿರುಗಿಕೊಂಡರು. ಅಡುಗೆಯವನು ಒಳಗೆ ಹೋದ.

“ಹಂಗಾದ್ರೆ ನಾನು ಗೆದ್ದೇ ಇಲ್ಲ,” ಎಂದ ಕೀತ್. ಯಾರನ್ನೂ ಬೈಯದೆ, ಟೋಪಿಯನ್ನು ನಿಧಾನವಾಗಿ ತಲೆಗಿಟ್ಟು, ಹಿಂದಕ್ಕೆ ತಿರುಗಿದ. ಅವನ ಕೈ ಬಾಗಿಲ ಹಿಡಿಕೆಯ ಮೇಲಿತ್ತು. ಹೋದ ಸಲ ಎರಡು ವಾರ. ಈ ಸಲ ಅವನು ಬರುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

“ವೆನ್ನಿಂಗ್ ಅವರೇ.”

ಯಾರು ಮಾತಾಡಿದ್ದು ಎಂದು ಮಲೋನಿ ಕೂಡ ತಿರುಗಿ ನೋಡಿದರು.

“ಶುಕ್ರವಾರ ಬಂದ ಚೀಟಿ ನಂದು,” ಎಂದಳು ನೆರಿಡಾ. “ಗುಲಾಬಿ, ಸಿ ಮೂವತ್ತೊಂದು. ಆ ಮಾಂಸ ನಂದು.”

ಕೀತನ ಮುಖ ಕೆಂಪಾಯಿತು. ಸಾಸೇಜು ಮುಗಿದಿದೆ, ಮಿಕ್ಕಿದ್ದು ಫ್ರಿಜ್ಜಿನಲ್ಲಿದೆ, ಈಗಲೇ ತಂದುಕೊಡುತ್ತೇನೆ ಎಂದ.

“ಬೇಡ, ತರಬೇಡಿ. ನಂಗೆ ಅಡುಗೆ ಬರಲ್ಲ.” ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಅವಳು ನಿಲ್ಲಿಸಲಿಲ್ಲ. “ಈ ಊರಿಗೆ ಬಂದು ಐದು ತಿಂಗಳಾಯ್ತು. ಒಂದು ದಿನಾನೂ ನಾನು ಇನ್ನೊಬ್ಬರ ಜೊತೆ ಕೂತು ಊಟ ಮಾಡಿಲ್ಲ. ಮಿಕ್ಕಿದ್ದನ್ನ ನೀವೇ ಬೇಯಿಸಿ, ನಂಗೂ ಒಂದು ತಟ್ಟೆ ಇಡ್ತೀರಾ?”