ಜೇಬಿನಲ್ಲಿ ಕೂಗಿದ ಬ್ರಿಕ್ ಗೇಮ್

"ಟಿಣ್... ಟಿಣ್... ಟಿಣಿಂಗ್!"

ಹೆಣ್ಣು ನೋಡಲು ಬಂದ ಹುಡುಗನ ಜೇಬೇ ಹೀಗೆ ಕೂಗಬೇಕೇ!

ಸರಗೂರಿನ ಆ ನಡುಮನೆಯಲ್ಲಿ ಎಲ್ಲರೂ ತಿರುಗಿ ನೋಡಿದರು. ಎಚ್.ಡಿ. ಕೋಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ತೇಜಸ್ ಗಾಬರಿಯಿಂದ ಹೊರತೆಗೆದದ್ದು ಒಂದು ಬ್ರಿಕ್ ಗೇಮ್. ಮೇಲಿಂದ ಇಟ್ಟಿಗೆ ಬೀಳುವ ಹಳೇ ಆಟ. ಕೂತಾಗ ಗುಂಡಿ ಒತ್ತಿಹೋಗಿತ್ತು.

"ಹಳೇ ಗೇಮ್‌ಗಳ್ನ ಕೂಡಿಡ್ತೀನಿ ಕಣ್ರೀ... ಬರೋ ದಾರೀಲಿ ಗುಜರೀಲಿ ಸಿಕ್ತು," ಎಂದ, ಕಾಫಿ ತಂದಿಟ್ಟ ಹುಡುಗಿ ನಂದಿತಾಳ ಕಡೆ ನೋಡಿ.

"ಮದ್ವೆ ವಯಸ್ಸಲ್ಲಿ ಆಟದ್ ಸಾಮಾನಾ!" ನಂದಿತಾಳ ಚಿಕ್ಕಪ್ಪನ ಮಗಳು ಪೂಜಾ ಕಿಸಕ್ಕನೆ ನಕ್ಕಳು.

ನಂದಿತಾಳೂ ನಕ್ಕುಬಿಟ್ಟಳು. ಜೋರಾಗಿ!

ತೇಜಸ್‌ನ ಮುಖ ಕೆಂಪಾಯಿತು. ಕಾಫಿ ಲೋಟ ಮುಟ್ಟದೆ ಎದ್ದು ಹೋದ.

ಹುಡುಗ ಕಾಫಿ ಮುಟ್ಟಲಿಲ್ಲವೆಂದರೆ ಹುಡುಗಿ ಒಪ್ಪಿಗೆಯಾಗಲಿಲ್ಲ ಎಂದೇ ಅರ್ಥ.

"ನನ್ ಮಗ್ಳಲ್ಲಿ ಏನ್ ಕೊರತೆ ಕಂಡ್ನೋ..." ಅಮ್ಮ ಸುನಂದಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನೆಂಟರೆಲ್ಲ ಅವನನ್ನೇ ಬೈದರು. ನಂದಿತಾ ಒಳಕೋಣೆಗೆ ಹೋಗಿ ತನ್ನ ಟ್ರಂಕಿನ ಮುಂದೆ ಕೂತಳು.

ಥೂ! ನಾನ್ಯಾಕೆ ನಕ್ಕೆ? ಅಂಥದ್ದೇ ಗೇಮ್ ನನ್ನ ಟ್ರಂಕಿನಲ್ಲಿಲ್ಲವೇ? ತಂದುಕೊಟ್ಟ ಅಪ್ಪ ತೀರಿಹೋದರೂ ಎಸೆಯಲಾಗದೆ ಇಟ್ಟುಕೊಂಡಿಲ್ಲವೇ? ಪೂಜಾಳ ಮುಂದೆ ಗುಗ್ಗು ಅನ್ನಿಸಿಕೊಳ್ಳಬಾರದೆಂದು ನಕ್ಕೆನಲ್ಲ...

ರಾತ್ರಿ ಊಟದ ತಟ್ಟೆಯನ್ನು ಹಾಗೇ ಸರಿಸಿದಳು. ಕೊನೆಗೆ ಅಮ್ಮನ ಮುಂದೆ ನಿಂತಳು.

"ಅವ್ರು ನನ್ನ ಒಪ್ದೇ ಹೋಗಿದ್ದಲ್ಲ ಕಣವ್ವ... ನಾನ್ ನಕ್ಕಿದ್ದಕ್ಕೆ ಎದ್ದೋದ್ರು."

"ಅಯ್ಯೋ ಮಗ್ಳೇ! ಆ ಹುಡುಗುನ್ನ ಎಷ್ಟ್ ಬೈದ್‌ಬುಟ್ನಲ್ಲೇ... ಹೋಗು, ಮೊದ್ಲು ತಪ್ಪಾಯ್ತು ಅನ್ನು."

ಎಚ್.ಡಿ. ಕೋಟೆಯ ತೇಜಸ್‌ನ ಅಂಗಡಿಯಲ್ಲಿ ಗಾಜಿನ ಬೀರುವಿನ ತುಂಬ ಹಳೇ ಗೇಮ್‌ಗಳು. ನಂದಿತಾ ತಲೆಯೆತ್ತದೆ ತನ್ನದನ್ನೂ ಕೌಂಟರ್ ಮೇಲಿಟ್ಟಳು.

"ಮತ್ತೆ ನಗೋಕ್ ಬಂದ್ರಾ?" ತೇಜಸ್‌ನ ದನಿ ಗಡುಸಾಗಿತ್ತು.

"ನಮ್ಮಪ್ಪ ಕೊಡ್ಸಿದ್ದು ಕಣ್ರೀ. ನಂಗೂ ಇದಂದ್ರೆ ಪ್ರಾಣ... ಪೂಜಾ ನಕ್ಳು ಅಂತ ನಾನೂ ನಕ್ಬುಟ್ಟೆ. ನಿಮ್ಗೆ ಮುಖ ತೋರ್ಸಕ್ಕೂ ನಾಚ್ಕೆ ಆಯ್ತದೆ..."

ಅವಳ ಕಣ್ಣೀರು ಕೌಂಟರ್ ಮೇಲೆ ಬಿತ್ತು.

ಅವನು ಅವಳ ಗೇಮನ್ನು ಹತ್ತಿರ ಎಳೆದುಕೊಂಡ. ಗೇಮ್ ಬಿಚ್ಚಿ, ಸೋರಿಹೋದ ಸೆಲ್ ತೆಗೆದು, ತುಕ್ಕನ್ನು ನಿಂಬೆರಸದಲ್ಲಿ ಉಜ್ಜಿ, ಹೊಸ ಸೆಲ್ ಹಾಕಿದ.

ಟಿಣಿಂಗ್!

ಈ ಸಲ ಇಬ್ಬರೂ ಒಟ್ಟಿಗೆ ನಕ್ಕರು.

ನಂದಿತಾ ಬ್ಯಾಗಿನಿಂದ ಫ್ಲಾಸ್ಕ್ ತೆಗೆದು, ಲೋಟಕ್ಕೆ ಕಾಫಿ ಬಗ್ಗಿಸಿದಳು.

"ಅವತ್ತಿನ ಕಾಫಿ... ಅಂಗೇ ಉಳ್ಕೊಂಡದೆ."

"ಕುಡುದ್ರೆ ಏನರ್ಥ ಅಂತ ಗೊತ್ತಲ್ವಾ?"

"ಗೊತ್ತಿದ್ದೇ ತಂದಿರೋದು ಕಣ್ರೀ..."

ಅವನು ಒಂದು ಗುಟುಕು ಕುಡಿದು ಮುಖ ಕಿವುಚಿದ. "ಸಕ್ರೆ ಹಾಕಿಲ್ವಲ್ರೀ!"

"ಅಯ್ಯೋ, ಭಯಕ್ಕೆ ಮರ್ತೇಬುಟ್ಟೆ! ಚೆಲ್ಬುಡಿ..."

"ಚೆಲ್ಲೋದಾ?" ಲೋಟ ಖಾಲಿ ಮಾಡಿ ಅವಳ ಮುಂದೆ ಹಿಡಿದ. "ಇನ್ನೊಂದ್ ಲೋಟ ಬಗ್ಸಿ."